ತೊಲೆದೊಗೆ ಎಷ್ಟು ದಿನ ಸಾಕು?

ತೊಲೆದೊ ಊರನ್ನು ನೋಡಿ ಮುಗಿಸಲು ಎಷ್ಟು ದಿನ ಬೇಕು ಎಂಬ ಪ್ರಶ್ನೆಯನ್ನು ತೊಲೆದೊದವರ ಮುಂದೆ ಎತ್ತದಿರುವುದು ಕ್ಷೇಮ. ಮೂರು ದಿನ ಎಂದರೆ ಮೂಗು ಮುರಿಯುತ್ತಾರೆ. ಒಂದು ವಾರ ಎಂದರೆ, ಪರವಾಗಿಲ್ಲ, ಆರಂಭ ಮಾಡಬಹುದು ಎನ್ನುತ್ತಾರೆ. ಬೆಳಿಗ್ಗೆ ಮದ್ರೀದಿನ ಬಸ್ಸಿನಲ್ಲಿ ಬಂದು ಸಂಜೆಯ ಬಸ್ಸಿಗೆ ಹೊರಟುಹೋಗುವವರನ್ನು ಅವರು ಮನುಷ್ಯರೊಳಗೆ ಸೇರಿಸುವುದಿಲ್ಲ; ಗುಬ್ಬಚ್ಚಿಗಳೊಳಗೆ ಸೇರಿಸುತ್ತಾರೆ. ಇಂಥ ಊರಿನಲ್ಲಿ ಹುಟ್ಟಿ, ಇಲ್ಲಿಯೇ ಜ್ಞಾನಸ್ನಾನ ಪಡೆದು, ಇಲ್ಲಿಯೇ ಮದುವೆಯಾಗಿ, ಅರವತ್ತೊಂದನೆಯ ವಯಸ್ಸಿನಲ್ಲೂ ಇಲ್ಲಿಯೇ ಬಾಳುತ್ತಿದ್ದ ಎವಾರಿಸ್ತೊ ಎಂಬ ಸಂಭಾವಿತ ಮನುಷ್ಯನು 'ಅರ್ಧ ದಿನ ಸಾಕು' ಎಂದು ಸ್ವಹಸ್ತದಿಂದ ಬರೆದು ಕಳುಹಿಸಿದನೆಂದರೆ ಅದಕ್ಕೆ ಕಾರಣವಿರಲೇಬೇಕು. ಕಾರಣವಿತ್ತು. ಅದರ ಹೆಸರು ಗೌದೆನ್ಸಿಯೊ.

ಎವಾರಿಸ್ತೊ ಉಕ್ಕಿನ ಮೇಲೆ ಚಿನ್ನದ ಎಳೆಯನ್ನು ಸುತ್ತಿಗೆಯಿಂದ ಕೂರಿಸುವ ಕುಸುರಿಗಾರ. ಕೆಳಗೆ ಕಾರ್ಖಾನೆ, ಮೇಲೆ ಮನೆ. ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಊಟಕ್ಕೆಂದು ಅವನು ಮೇಲೆ ಬಂದಾಗ ಅವನ ಹೆಂಡತಿ ಕಸಿಲ್ದಾ ಒಂದು ಕೈಯಲ್ಲಿ ಮೆಣಸಿನಕಾಯಿ ಹುರಿಯುತ್ತ, ಇನ್ನೊಂದು ಕೈಯಲ್ಲಿ ಪತ್ರ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು.

"'ನಾನು ಸಮೋರಾದ ಗೌದೆನ್ಸಿಯೊ. ಹಿಂದೆ ತೊಲೆದೊದ ದಂಡಿನಲ್ಲಿ ಹದಿನೆಂಟು ತಿಂಗಳು ಕಡ್ಡಾಯದ ಸಿಪಾಯಿಯಾಗಿದ್ದವನು. ನೆನಪಿದೆಯೋ ಇಲ್ಲವೋ. ಕಳೆದ ಚಳಿಗಾಲದಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಈಗ ಒಮ್ಮೆ ತೊಲೆದೊ ನೋಡಬೇಕೆಂದು ಮನಸ್ಸಾಗಿದೆ. ಎಷ್ಟು ದಿನ ಇಟ್ಟುಕೊಂಡು ಬಂದರೆ ಸರಿಯೆಂದು ತಮ್ಮ ಯಜಮಾನರನ್ನು ಕೇಳಿ ತಿಳಿಸಬೇಕು.' ನೆನಪಿದೆಯೋ ಇಲ್ಲವೋ ಅಂತೆ! ಪಾಪ."

ಆ 'ಪಾಪ' ಎನ್ನುವಾಗ ಕಸಿಲ್ದಾ ಮುಗುಳ್ನಕ್ಕು, ಕಿವಿಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿಕೊಂಡಳು. ಮೆಣಸಿನಕಾಯಿ ಸೀದುಹೋಯಿತು. ಮೂವತ್ತಾರು ವರ್ಷದ ಸಂಸಾರದಲ್ಲಿ ಆ ಬಾಣಲೆಯಲ್ಲಿ ಮೆಣಸಿನಕಾಯಿ ಸೀದದ್ದು ಅದೇ ಮೊದಲು. ನ್ಯಾಯಾಲಯದಲ್ಲಿ ಇದಕ್ಕಿಂತ ಕಡಿಮೆ ಸಾಕ್ಷ್ಯದ ಮೇಲೆ ಜನರಿಗೆ ಶಿಕ್ಷೆಯಾಗಿದೆ.

"ಯಾರವನು?" ಎಂದ ಎವಾರಿಸ್ತೊ.

"ಅಯ್ಯೋ, ಗೌದೆನ್ಸಿಯೊ! ಭಾನುವಾರ ಭಾನುವಾರ ಸೊಕೊದೊವೆರ್ ಚೌಕದಲ್ಲಿ ನನ್ನ ಜೊತೆ ಸುತ್ತು ಹಾಕ್ತಿದ್ದ ಸಿಪಾಯಿ. ನಿನಗೆ ಹೇಳಿದ್ನಲ್ಲ."

"ಎಷ್ಟು ಸುತ್ತು?"

"ಏನು?"

"ಚೌಕಕ್ಕೆ ಎಷ್ಟು ಸುತ್ತು ಹಾಕ್ತಿದ್ದ ಅಂತ."

"ಅದನ್ನ ಯಾರು ಎಣಿಸ್ತಾರೆ ಮಾರಾಯ! ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಉತ್ತರ ಬರಿ. ಪಾಪ, ಒಂಟಿ ಜೀವ."

ಎರಡನೆಯ 'ಪಾಪ'ವನ್ನೂ ಎವಾರಿಸ್ತೊ ಮನಸ್ಸಿನಲ್ಲಿಟ್ಟುಕೊಂಡ.

ಲಕೋಟೆಗಳು ಕಸಿಲ್ದಾಳ ಮೇಜಿನ ಖಾನೆಯಲ್ಲಿದ್ದವು. ಲಕೋಟೆ ಕೇಳಿದರೆ ಅವಳು 'ನನ್ನದೂ ಎರಡು ಸಾಲು ಇರಲಿ' ಎನ್ನುವಳು. ಆ ಎರಡು ಸಾಲಿನಲ್ಲಿ ಏನೇನಿರಬಹುದೆಂದು ನೆನೆದೇ ಅವನಿಗೆ ಹುಳಿತೇಗು ಬಂತು. ಆದ್ದರಿಂದ ನೇರವಾಗಿ ತಂಬಾಕಿನಂಗಡಿಗೆ ಹೋಗಿ, ಊರಿನ ಚಿತ್ರವಿರುವ ಒಂದು ಕಾರ್ಡು, ಒಂದು ಅಂಚೆಚೀಟಿ ಕೊಂಡು, ಅಲ್ಲಿಯೇ ಕಟ್ಟೆಯ ಮೇಲೆ ಒರಗಿ ಬರೆಯತೊಡಗಿದ. ಆ ಅಂಗಡಿಯ ಒಡತಿ ಸಿನ್ಫೊರೋಸಾಳ ಕಟ್ಟೆಯ ಮೇಲೆ ತೆರೆದ ಕಾರ್ಡು ಬರೆಯುವುದೂ ಒಂದೇ, ಮಹಾದೇವಾಲಯದ ದೊಡ್ಡ ಗಂಟೆ ಬಾರಿಸಿ ಸಾರುವುದೂ ಒಂದೇ. ಇದು ಊರಿನಲ್ಲಿ ಎಲ್ಲರಿಗೂ ಗೊತ್ತು, ಎವಾರಿಸ್ತೊನಿಗೂ ಗೊತ್ತು. ಆದರೆ ಹೊಟ್ಟೆಯುರಿಯುವ ಮನುಷ್ಯನಿಗೆ ದೂರದ ಸಮೋರಾ ಕಾಣುತ್ತದೆ, ಎದುರಿಗೆ ನಿಂತ ಸಿನ್ಫೊರೋಸಾ ಕಾಣುವುದಿಲ್ಲ. ಅವನು ಬರೆದದ್ದು ಹೀಗೆ:

'ಮಾನ್ಯರೇ, ತೊಲೆದೊಗೆ ಅರ್ಧ ದಿನ ಸಾಕು. ಹತ್ತರ ಬಸ್ಸಿಗೆ ಬಂದು ನಾಲ್ಕರ ಬಸ್ಸಿಗೆ ಹೋಗಬಹುದು. ಊರೆಲ್ಲ ಏರು; ಮೊಣಕಾಲಿಗೆ ಒಳ್ಳೆಯದಲ್ಲ. ದೇವಾಲಯಗಳು ಒಂದರಂತೆ ಒಂದಿವೆ. ಹೋಟೆಲುಗಳಲ್ಲಿ ತಿಗಣೆ. ನನ್ನ ಹೆಂಡತಿ ಕ್ಷೇಮ. ಅವಳಿಗೆ ಬಹಳ ಕೆಲಸವಿದೆ.'

ಸಿನ್ಫೊರೋಸಾ ಇಪ್ಪತ್ತೊಂಬತ್ತು ವರ್ಷಗಳಿಂದ ಅಕ್ಷರಗಳನ್ನು ತಲೆಕೆಳಗಾಗಿ ಓದಿ ಅಭ್ಯಾಸವಾದವಳು; ನೆಟ್ಟಗಿದ್ದರೆ ಅವಳಿಗೆ ತೊಡಕು. "ಕೊಡು ಎವಾರಿಸ್ತೊ, ಅಂಚೆಚೀಟಿ ನಾನೇ ಅಂಟಿಸ್ತೀನಿ," ಎಂದಳು, ಜೇನು ಸುರಿಸಿ. ಆ ಒಂದು ಚೀಟಿ ಅಂಟಿಸಲು ಅವಳು ತೆಗೆದುಕೊಂಡ ಹೊತ್ತಿನಲ್ಲಿ ಇನ್ನೊಬ್ಬರಾಗಿದ್ದರೆ ಒಂದು ಗೋಡೆಗೆ ಸುಣ್ಣ ಬಳಿದು ಮುಗಿಸುತ್ತಿದ್ದರು.

ಎವಾರಿಸ್ತೊ ಏರು ಹತ್ತಿ ಮನೆಯ ಮೂಲೆಗೆ ಬರುವಷ್ಟರಲ್ಲಿ ಕಾರ್ಡಿನ ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ಬಂದಿತ್ತು.

ಬಾಗಿಲಲ್ಲಿ ದೋನ್ ಪ್ರಿಮಿತಿವೊ ಮೇಷ್ಟ್ರು ನಿಂತಿದ್ದರು. ಎಂಬತ್ತನಾಲ್ಕು ವರ್ಷ, ಎವಾರಿಸ್ತೊನಿಗೆ ಅಕ್ಷರ ಕಲಿಸಿದವರು, ಈಗ 'ಅವಸರವಿಲ್ಲದ ತೊಲೆದೊ' ಎಂಬ ಸಂಘದ ಅಧ್ಯಕ್ಷರು. ಬೆಳಿಗ್ಗೆ ಬಂದು ಸಂಜೆ ಹೋಗುವ ಪ್ರವಾಸಿಗಳನ್ನು ಹೇಗಾದರೂ ಮಾಡಿ ರಾತ್ರಿ ಉಳಿಸುವುದೇ ಆ ಸಂಘದ ಧ್ಯೇಯ. ಮೇಷ್ಟ್ರು ಕೋಲು ಎತ್ತಿ ಅವನ ಎದೆಗೆ ಗುರಿಯಿಟ್ಟರು.

"ಅರ್ಧ ದಿನ! ಏನೋ ಎವಾರಿಸ್ತೊ, ನಿನಗೆ ಭಾಗಾಕಾರ ಕಲಿಸಿದ್ದು ಇದಕ್ಕೇನೋ? ಎರಡು ಸಾವಿರ ವರ್ಷದ ಊರನ್ನ ಆರು ಗಂಟೆಯಿಂದ ಭಾಗಿಸೋಕೇನೋ?"

"ಮೇಷ್ಟ್ರೇ, ಅದು ಖಾಸಗಿ ಪತ್ರ…"

"ಖಾಸಗಿ ಪತ್ರ ಆಗಿದ್ರೆ ಇಡೀ ಬೀದಿಗೆ ಹೇಗೆ ಗೊತ್ತಾಯ್ತು?"

ಆಮೇಲೆ ಪಾದ್ರಿ ದೋನ್ ಉರ್ಬಾನೊ ಬಂದರು. ಅವರು ಸಿಟ್ಟಾಗಲಿಲ್ಲ, ಅದೇ ಹೆಚ್ಚು ಭಯಂಕರ. "ದೇವಾಲಯಗಳು ಒಂದರಂತೆ ಒಂದಿವೆ ಅಂತ ಬರೆದೆಯಂತೆ, ಮಗೂ. ಪಾಪನಿವೇದನೆಗೆ ಬಾ. ಶನಿವಾರದವರೆಗೆ ಕಾಯಬೇಡ," ಎಂದು ಭುಜ ತಟ್ಟಿ ಹೋದರು. ಅವರ ಹಿಂದೆಯೇ ಚೌಕದ ಹೋಟೆಲಿನವನು ನಾಲ್ಕು ಬಿಳಿಯ ಹಾಸುಬಟ್ಟೆಗಳನ್ನು ಹೆಗಲ ಮೇಲೆ ಹೊತ್ತು ತಂದು ಕಾರ್ಖಾನೆಯ ನೆಲದ ಮೇಲೆ ಹರಡಿ, "ತೋರ್ಸು. ಒಂದೇ ಒಂದು ತಿಗಣೆ ತೋರ್ಸು ನೋಡೋಣ. ನಾನು ಇಲ್ಲೇ ಇರ್ತೀನಿ," ಎಂದು ಕೈಕಟ್ಟಿ ನಿಂತ. ಎವಾರಿಸ್ತೊ ಪಾಪ, ಬಗ್ಗಿ ಹುಡುಕಿಯೂ ನೋಡಿದ.

ಕೊನೆಗೆ ಕಸಿಲ್ದಾ ಬಂದಳು. ರೊಟ್ಟಿಯಂಗಡಿಯಿಂದ ಬಂದಿದ್ದಳು. ಕೆನ್ನೆ ಕೆಂಪಾಗಿತ್ತು.

"ನನಗೆ ಬಹಳ ಕೆಲಸ ಇದೆಯಂತೆ. ಯಾವ ಕೆಲಸ ಎವಾರಿಸ್ತೊ?"

"ಸುಮ್ನೆ… ಮನೆ ಕೆಲಸ."

"ರೊಟ್ಟಿಯವಳು ಇವತ್ತು ನನ್ನ ಮುಖ ನೋಡದೆ ರೊಟ್ಟಿ ಕೊಟ್ಲು. ಹೆಂಡತಿ ಸತ್ತು ದುಃಖದಲ್ಲಿರೋ ಮನುಷ್ಯನಿಗೆ ಒಂದು ಹೊತ್ತು ಊಟ ಹಾಕೋಕೂ ಕಸಿಲ್ದಾಳ ಗಂಡ ಹಿಂದೆಗೆದ ಅಂತ ಬೀದಿಯೆಲ್ಲ ಮಾತು. ಯಾಕೆ ಹಾಗೆ ಬರೆದೆ? ನಿಜ ಹೇಳು."

ಒಂದು ಮಾತಿನಲ್ಲಿ ಹೇಳಬಹುದಾಗಿತ್ತು. ಮಾತು ನಾಲಿಗೆಯ ತುದಿಯವರೆಗೆ ಬಂದು, ಅವಳ ಮುಖ ನೋಡಿ, ಬಂದ ದಾರಿಯಲ್ಲೇ ಹಿಂದಿರುಗಿತು. ಅರವತ್ತು ದಾಟಿದ ಬೋಳುತಲೆಯ ಕುಸುರಿಗಾರನು, ಒಬ್ಬ ಮುದಿ ಸಿಪಾಯಿ ಎಂದೋ ಚೌಕಕ್ಕೆ ಹಾಕಿದ ಸುತ್ತುಗಳಿಗಾಗಿ ಉರಿಯುತ್ತಿದ್ದಾನೆಂದು ಹೇಳುವುದು ಹೇಗೆ?

"ಅವನ ಮೊಣಕಾಲು…" ಎಂದ.

"ಅವನ ಮೊಣಕಾಲು ನೀನು ಎಲ್ಲಿ ನೋಡಿದೆ?"

ಆ ಸಂಜೆ ಕಾರ್ಖಾನೆಯಲ್ಲಿ ಎವಾರಿಸ್ತೊನ ಅಪ್ಪಣೆಯಿಲ್ಲದೆ ಒಂದು ಸಭೆ ಸೇರಿತು. ಊರಿನ ಮಾನ ಹೋಗಿದೆ, ಮರಳಿ ತರಬೇಕು ಎಂಬುದು ವಿಷಯ. ಕಸಿಲ್ದಾ ಮೂರು ದಿನ ಎಂದಳು. ಮೂರು ದಿನದಲ್ಲಿ ನಾನು ಕೋಟೆಗೋಡೆಯ ಹೊರಭಾಗವನ್ನೂ ತೋರಿಸಿ ಮುಗಿಸಲಾರೆ, ಐದು ಎಂದರು ಮೇಷ್ಟ್ರು. ತೀರಿಕೊಂಡ ಹೆಂಡತಿಗಾಗಿ ನವದಿನ ಪ್ರಾರ್ಥನೆ ಮಾಡಿಸುವುದಾದರೆ ಒಂಬತ್ತು ಬೇಕು ಎಂದರು ದೋನ್ ಉರ್ಬಾನೊ. ನಗರಸಭೆಯ ಪ್ರವಾಸೋದ್ಯಮ ಸದಸ್ಯರಿಗೆ ಅಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಆ ಪುಣ್ಯಾತ್ಮರು, ಹತ್ತು ಎಂದು ಲೆಕ್ಕ ದುಂಡಗಿರಲಿ, ಪತ್ರಿಕೆಯಲ್ಲಿ ಹಾಕಿಸುತ್ತೇನೆ ಎಂದು ಹೇಳಿಕಳುಹಿಸಿದರು.

"ಇಳ್ಕೊಳ್ಳೋದು ಎಲ್ಲಿ?" ಎಂದ ಎವಾರಿಸ್ತೊ ಕ್ಷೀಣ ದನಿಯಲ್ಲಿ.

"ಹೋಟೆಲಿನಲ್ಲಿ ತಿಗಣೆ ಅಂತ ಬರೆದೋರು ಯಾರು?" ಎಂದಳು ಸಿನ್ಫೊರೋಸಾ. "ನಿಮ್ಮನೇಲೇ ಇರಲಿ."

ಹೀಗೆ, ಹೆಂಡತಿಯ ಹಳೆಯ ಜೊತೆಗಾರನನ್ನು ಆರು ಗಂಟೆಗಳಲ್ಲಿ ಸಾಗಹಾಕಲು ಹೊರಟ ಮನುಷ್ಯನು ಅವನನ್ನು ಹತ್ತು ದಿನ ತನ್ನ ಮನೆಯಲ್ಲಿಯೇ ಇರಿಸಿಕೊಳ್ಳಲು ಒಪ್ಪಿ ತಲೆಯಾಡಿಸಿದ. ಹತ್ತು ದಿನಕ್ಕೆ ಬನ್ನಿ ಎಂಬ ಎರಡನೆಯ ಪತ್ರ ಅಂದೇ ಕಾರ್ಡಿನ ಬೆನ್ನಿಗೆ ಸಮೋರಾಕ್ಕೆ ಹೊರಟಿತು. ದೇವರು ನಮ್ಮ ಯುಕ್ತಿಗಳನ್ನು ಯಾವಾಗಲೂ ಶಿಕ್ಷಿಸುವುದಿಲ್ಲ. ಕೆಲವೊಮ್ಮೆ ಸುಮ್ಮನೆ ಅವನ್ನು ನಡೆಯಗೊಡುತ್ತಾನೆ.

ಮೇ ತಿಂಗಳಲ್ಲಿ ಗೌದೆನ್ಸಿಯೊ ಬಸ್ಸಿನಿಂದ ಇಳಿದ. ಎವಾರಿಸ್ತೊ ಒಂದು ವಾರದಿಂದ ಅವನನ್ನು ಮನಸ್ಸಿನಲ್ಲಿ ಕಡೆದು ಸಿದ್ಧಮಾಡಿದ್ದ: ಗೂನುಬೆನ್ನು, ಎರಡು ಹಲ್ಲು, ನಡುಗುವ ಗದ್ದ. ಇಳಿದುಬಂದವನು ಆರಡಿಯ ಆಳು. ತಲೆಯ ತುಂಬ ಕೂದಲು. ಬೆಳ್ಳಗಿತ್ತು, ಆದರೆ ಒಂದೂ ಉದುರಿರಲಿಲ್ಲ. ಎವಾರಿಸ್ತೊ ತನ್ನ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ.

"ಕಸಿಲ್ದೀತಾ!" ಎಂದ ಗೌದೆನ್ಸಿಯೊ, ಕೈಯಲ್ಲಿದ್ದ ಗಾಲಿಯಂಥ ಕುರಿಹಾಲಿನ ಗಿಣ್ಣಿನ ಗಟ್ಟಿಯನ್ನು ಎವಾರಿಸ್ತೊನ ತೋಳಿಗೆ ಹಾಕುತ್ತ.

ಕಸಿಲ್ದೀತಾ! ಅವಳ ಹೆತ್ತ ತಾಯಿಯೂ ಅವಳು ಚಿಕ್ಕವಳಾಗಿದ್ದಾಗಿನ ಮೊದಲ ಪರಮಪ್ರಸಾದದ ನಂತರ ಆ ಮುದ್ದಿನ ಹೆಸರಿನಿಂದ ಕರೆದಿರಲಿಲ್ಲ. ಕಸಿಲ್ದಾ ನಕ್ಕಳು. ಮನೆಯಲ್ಲಿ ಕೌಜುಗದ ಹುಳಿ ಕಾದಿತ್ತು; ಕ್ರಿಸ್ತಜಯಂತಿಗೆ ಬಿಟ್ಟರೆ ಆ ಮನೆಯಲ್ಲಿ ಕೌಜುಗ ಕಂಡವರಿಲ್ಲ.

ಅಂದಿನಿಂದ ಎವಾರಿಸ್ತೊನ ಸುತ್ತಿಗೆ ಹಾದಿ ತಪ್ಪಿತು. ಎದೆಪಿನ್ನುಗಳ ಮೇಲೆ ಅವನು ಕೂರಿಸುತ್ತಿದ್ದ ಚಿನ್ನದ ಹಕ್ಕಿಗಳು ಒಂದೊಂದಾಗಿ ಮೆಳ್ಳೆಗಣ್ಣಾದವು. ಅಂಗಡಿಯವನು ಒಂದು ಡಜನ್ ಹಕ್ಕಿಗಳನ್ನು ವಾಪಸು ತಂದು ಮೇಜಿನ ಮೇಲಿಟ್ಟು, "ಏನಯ್ಯಾ ಇದು, ನಿನ್ನ ಹಕ್ಕಿಗಳು ಯಾರನ್ನೋ ನೋಡಿ ಉರ್ಕೋತಿವೆ," ಎಂದ. ಎವಾರಿಸ್ತೊ ಕೆಲಸ ಬಿಟ್ಟು ಅತಿಥಿಯ ಜೊತೆ ಸುತ್ತಲು ಹೊರಟ. ಕಾವಲು ಎಂದು ಅವನು ಅದನ್ನು ಕರೆಯಲಿಲ್ಲ. ಆತಿಥ್ಯ ಎಂದು ಕರೆದ. ಊರಿನವರು ಮೆಚ್ಚಿದರು. "ನೋಡು, ಬುದ್ಧಿ ಬಂತು. ಒಂದು ಹೆಜ್ಜೆ ಬಿಟ್ಟಿರಲ್ಲ," ಎಂದಳು ಸಿನ್ಫೊರೋಸಾ.

ಮುಂದೆ ಮೇಷ್ಟ್ರು, ಹಿಂದೆ ಗೌದೆನ್ಸಿಯೊ ಮತ್ತು ಕಸಿಲ್ದಾ, ಅವರಿಬ್ಬರ ನಡುವೆ ತೂರಿಕೊಂಡು ಎವಾರಿಸ್ತೊ. ಓಣಿ ಒಬ್ಬರಿಗಷ್ಟೇ ಅಗಲವಿದ್ದಲ್ಲಿ ಮೂವರೂ ಸಿಕ್ಕಿಹಾಕಿಕೊಳ್ಳುತ್ತಿದ್ದರು. ಮೊದಲ ದಿನ ಮೇಷ್ಟ್ರು ಮೂರು ಗಂಟೆಯಲ್ಲಿ ನಲವತ್ತು ಹೆಜ್ಜೆ ಮುಂದುವರಿದರು. ಪ್ರತಿ ಕಲ್ಲಿಗೂ ಒಬ್ಬ ರಾಜ, ಪ್ರತಿ ರಾಜನಿಗೂ ಇಬ್ಬರು ತಮ್ಮಂದಿರು.

ಆರನೆಯ ದಿನ ಗೌದೆನ್ಸಿಯೊ ತಾನಾಗಿಯೇ ಬಾಯಿಬಿಟ್ಟ. "ಮೇಷ್ಟ್ರೇ, ಆ ಗುಂಡುಸೂಜಿ ಮಾತೆಯ ಗೂಡು ಇನ್ನೂ ಇದೆಯಾ? ಅದೊಂದು ನೋಡಬೇಕಿತ್ತು."

ಕಸಿಲ್ದಾ ಕೆಂಪಾದಳು. ಎವಾರಿಸ್ತೊ ಹಳದಿಯಾದ. ಬೀದಿಯ ಗೋಡೆಯಲ್ಲಿರುವ ಆ ಗೂಡಿನ ಕನ್ಯಾಮಾತೆಗೆ ಮದುವೆಯಾಗದ ಹುಡುಗಿಯರು ಗುಂಡುಸೂಜಿ ಹಾಕಿ ಗಂಡನನ್ನು ಬೇಡಿಕೊಳ್ಳುವುದು ಊರಿನ ಪದ್ಧತಿ. ಕಸಿಲ್ದಾಳೂ ಹಾಕಿದ್ದಳೆಂದು ಎವಾರಿಸ್ತೊ ಬಲ್ಲ. ಯಾರನ್ನು ಬೇಡಿ ಎಂದು ಮೂವತ್ತಾರು ವರ್ಷದಲ್ಲಿ ಅವನು ಕೇಳಿರಲಿಲ್ಲ, ತನ್ನನ್ನೇ ಎಂದು ತಿಳಿದಿದ್ದ. ಈಗ ನೋಡಿದರೆ ಈ ಆರಡಿಯ ಮನುಷ್ಯನು ಆ ಗೂಡಿನ ಮುಂದೆ ಟೋಪಿ ತೆಗೆದು ನಿಂತಿದ್ದಾನೆ; ಕಣ್ಣಲ್ಲಿ ನೀರು. ಕಸಿಲ್ದಾ ಅವನ ತೋಳಿನ ಮೇಲೆ ಕೈಯಿಟ್ಟಳು. ಕೈ ಎಷ್ಟು ಹೊತ್ತು ಅಲ್ಲಿತ್ತೆಂದು ತಿಳಿಯಲು ಎವಾರಿಸ್ತೊ ಮನಸ್ಸಿನಲ್ಲಿ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಹೇಳತೊಡಗಿದ. 'ಆಮೆನ್' ಬಂದರೂ ಕೈ ಬರಲಿಲ್ಲ.

ಮರುದಿನ ಬೆಳಿಗ್ಗೆ, ಬೀದಿಯಲ್ಲಿ ಯಾರೂ ಇಲ್ಲದಾಗ, ಅವನು ಹೆಂಡತಿಯ ಹೊಲಿಗೆ ಡಬ್ಬಿಯಿಂದ ಒಂದು ಗುಂಡುಸೂಜಿ ಕದ್ದು ಅಲ್ಲಿಗೆ ಹೋದ. ಟೋಪಿ ತೆಗೆದ. "ತಾಯೇ," ಎಂದ, "ಅವಳು ಇಲ್ಲಿ ಯಾರ ಹೆಸರಲ್ಲಿ ಸೂಜಿ ಹಾಕಿದ್ಲು ಅಂತ ನಿನಗೆ ಗೊತ್ತು, ನನಗೆ ಗೊತ್ತಿಲ್ಲ. ನನ್ನ ಹೆಸರಲ್ಲಾದ್ರೆ ಇದನ್ನ ಕಾಣಿಕೆ ಅಂತ ಇಟ್ಕೋ. ಅವನ ಹೆಸರಲ್ಲಾದ್ರೆ ಇದು ಮೇಲ್ಮನವಿ."

ಸೂಜಿ ಸಂದಿನೊಳಗೆ ಹೋಗದೆ ಗೂಡಿನ ಕಂಬಿಗೆ ತಗಲಿ ನೆಲಕ್ಕೆ ಬಿತ್ತು. ಮಂಡಿಯೂರಿ ಹುಡುಕುತ್ತಿರುವಾಗ ಎದುರಿಗೆ ಎರಡು ಕರಿಯ ಬೂಟುಗಳು ಕಂಡವು. ಮೇಲೆ ನೋಡಿದ. ನಗರಸಭೆಯ ಪೊಲೀಸಿನವನು ಗೂಡನ್ನು ನೋಡಿ, ಸೂಜಿಯನ್ನು ನೋಡಿ, ಎವಾರಿಸ್ತೊನ ಬೋಳುತಲೆಯನ್ನು ನೋಡಿ, ಬಹಳ ಮರ್ಯಾದೆಯಿಂದ ಕೇಳಿದ:

"ತಮಗೆ ಗಂಡ ಬೇಕಾಗಿತ್ತೇ, ದೋನ್ ಎವಾರಿಸ್ತೊ?"

"ನನ್ನ ಹೆಂಡತಿಗೆ ಕಣಯ್ಯಾ!"

ಪೊಲೀಸಿನವನು ಸ್ವಲ್ಪ ಹೊತ್ತು ಆಲೋಚಿಸಿ, ಕಾನೂನಿನಲ್ಲಿ ಇದಕ್ಕೆ ಅಡ್ಡಿಯಿಲ್ಲವೆಂದು ಕಂಡು, ಸೂಜಿ ಹೆಕ್ಕಿಕೊಟ್ಟು ಮುಂದೆ ನಡೆದ. ಆದರೆ ಅವನಿಗೂ ಸಿಗರೇಟು ಬೇಕು. ಸಿಗರೇಟು ಸಿಗುವುದು ಸಿನ್ಫೊರೋಸಾಳ ಅಂಗಡಿಯಲ್ಲಿ. ಹತ್ತು ಗಂಟೆಯೊಳಗೆ, ಎವಾರಿಸ್ತೊ ಹೆಂಡತಿಗೆ ಇನ್ನೊಬ್ಬ ಗಂಡನನ್ನು ಹುಡುಕುತ್ತಿದ್ದಾನೆ, ಎದೆನೋವು ಬಂದಿರಬೇಕು, ಪಾಪ, ತಾನು ಹೋಗುವ ಮೊದಲು ಅವಳಿಗೊಂದು ದಾರಿ ಮಾಡುತ್ತಿದ್ದಾನೆ ಎಂದು ಊರೆಲ್ಲ ಮರುಗಿತು. ಔಷಧದಂಗಡಿಯವನು ದಾರಿಯಲ್ಲಿ ತಡೆದು ನಾಡಿ ಹಿಡಿದು ನೋಡಿದ. ಮೇಷ್ಟ್ರು ಸಹ ಕೋಲು ತಗ್ಗಿಸಿ ಮಾತನಾಡಿಸಿದರು. ಎಲ್ಲಕ್ಕಿಂತ ಕ್ರೂರವಾದದ್ದು ಇದು: ಎಲ್ಲರೂ ಗೌದೆನ್ಸಿಯೊನನ್ನು ಒಂದು ಹೊಸ ಬಗೆಯಲ್ಲಿ ನೋಡತೊಡಗಿದರು, ಅಂಗಡಿಯಲ್ಲಿ ಕೋಟನ್ನು ನೋಡುವ ಹಾಗೆ. "ಅಗಲ ಸರಿಯಾಗಿದೆ," ಎಂದಳು ಸಿನ್ಫೊರೋಸಾ.

ಹತ್ತನೆಯ ದಿನ ಎವಾರಿಸ್ತೊ ಬೆಳಿಗ್ಗೆ ಬೇಗ ಎದ್ದು ಬಸ್ಸಿನ ವೇಳಾಪಟ್ಟಿ ಹಿಡಿದು ಕುಳಿತ. ಆದರೆ ಮೇಷ್ಟ್ರು, ಪಾದ್ರಿಗಳು, ನಗರಸಭೆಯ ಸದಸ್ಯರು ಮೂವರೂ ಒಟ್ಟಿಗೆ ಬಂದರು. ಕೊರ್ಪುಸ್ ಹಬ್ಬಕ್ಕೆ ಇನ್ನು ಒಂಬತ್ತೇ ದಿನ. ಬೀದಿಗಳ ಮೇಲೆ ಬಟ್ಟೆಯ ಚಪ್ಪರ ಕಟ್ಟಲು ಆರಂಭವಾಗಿದೆ. ನೆಲಕ್ಕೆ ಹರಡುವ ಕಾಡುಸೊಪ್ಪು ಬರುತ್ತಿದೆ. ಪರಮಪ್ರಸಾದದ ಮೆರವಣಿಗೆಗೆ ಒಂಬತ್ತು ದಿನ ಇರುವಾಗ ತೊಲೆದೊ ಬಿಟ್ಟುಹೋದ ಕ್ರೈಸ್ತನಿದ್ದಾನೆಯೇ? ಇಲ್ಲ. ಗೌದೆನ್ಸಿಯೊ ಏನೋ ಹೇಳಲು ಬಾಯಿ ತೆರೆದ. ಮೇಷ್ಟ್ರು ಅದನ್ನು ಸಮ್ಮತಿಯೆಂದು ಬರೆದುಕೊಂಡರು. ಸದಸ್ಯರು ಅವನನ್ನು ಮೆರವಣಿಗೆಯಲ್ಲಿ ಮೇಣದಬತ್ತಿ ಹಿಡಿದು ನಡೆಸುವುದಾಗಿ ಮಾತು ಕೊಟ್ಟು ಹೋದರು.

ಎವಾರಿಸ್ತೊ ಕಾರ್ಖಾನೆಗೆ ಇಳಿದು ಹೋಗಿ ತಲೆಯನ್ನು ಕೈಯಲ್ಲಿ ಹಿಡಿದು ಕುಳಿತ. ಸ್ವಲ್ಪ ಹೊತ್ತಿಗೆ ಬಾಗಿಲು ಮೆಲ್ಲನೆ ತೆರೆಯಿತು. ಗೌದೆನ್ಸಿಯೊ ಒಳಗೆ ಬಂದು ಅಗುಳಿ ಹಾಕಿದ.

"ದೋನ್ ಎವಾರಿಸ್ತೊ, ನಿಮಗೆ ಒಂದು ವಿಷಯ ಹೇಳಬೇಕು. ಕಸಿಲ್ದೀತಾಗೆ ತಿಳೀಬಾರದು."

ಎವಾರಿಸ್ತೊ ಸುತ್ತಿಗೆ ಹಿಡಿದುಕೊಂಡ.

"ನನಗೆ ಮನೆಗೆ ಹೋಗಬೇಕು," ಎಂದ ಗೌದೆನ್ಸಿಯೊ. "ಕೈ ಮುಗೀತೀನಿ. ಹೇಗಾದ್ರೂ ನನ್ನನ್ನ ಈ ಊರಿಂದ ಹೊರಗೆ ಹಾಕಿ. ನಿಮ್ಮ ಕಾರ್ಡಿನಲ್ಲಿ ಬರೆದಿದ್ರಿ, ಅರ್ಧ ದಿನ ಸಾಕು ಅಂತ. ಈ ಊರಲ್ಲಿ ನಿಜ ಹೇಳಿದ ಮನುಷ್ಯ ನೀವೊಬ್ರೇ. ಮೊಣಕಾಲು ಹೋಯ್ತು ನನ್ನದು."

ಎವಾರಿಸ್ತೊನ ಸುತ್ತಿಗೆ ಮೇಜಿಗೆ ಇಳಿಯಿತು. "ಮತ್ತೆ ಯಾಕೆ ಬಂದ್ರಿ?"

ಗೌದೆನ್ಸಿಯೊ ಸ್ಟೂಲಿನ ಮೇಲೆ ಕುಳಿತು, ಮೊಣಕಾಲು ನೀವಿಕೊಳ್ಳುತ್ತ, ಮೆಳ್ಳೆಗಣ್ಣಿನ ಒಂದು ಹಕ್ಕಿಯನ್ನು ಎತ್ತಿ ನೋಡಿದ.

"ನನ್ನ ಹೆಂಡತಿ ಎತೆಲ್ವಿನಾ ಅಂತ. ಮದುವೆಯಾದ ವರ್ಷ ಒಂದು ಸಲ ಬಾಯಿತಪ್ಪಿ ತೊಲೆದೊದಲ್ಲಿ ಒಂದು ಹುಡುಗಿ ಜೊತೆ ಚೌಕ ಸುತ್ತುತ್ತಿದ್ದೆ ಅಂದೆ. ಅಷ್ಟೇ. ಮೂವತ್ತೈದು ವರ್ಷ! ಸಾರಿಗೆ ಉಪ್ಪು ಜಾಸ್ತಿ ಅಂದ್ರೆ, 'ಹೋಗು, ತೊಲೆದೊಗೆ ಹೋಗು, ಅವಳು ಸರಿಯಾಗಿ ಹಾಕ್ತಾಳೆ.' ಟಿವಿಯಲ್ಲಿ ಈ ಊರು ಬಂದ್ರೆ ಎದ್ದುಹೋಗಿ ಆರಿಸೋಳು. ಈ ಕಡೆ ಬಸ್ಸು ಹತ್ತೋಕೆ ಬಿಡ್ಲಿಲ್ಲ. ಅವಳು ಹೋದ ಮೇಲೆ ಮನೆ ಎಷ್ಟು ಸುಮ್ಮನಾಯ್ತು ಅಂದ್ರೆ… ನಾನು ಅಂದ್ಕೊಂಡೆ, ತೊಲೆದೊಗೆ ಹೋದ್ರೆ ಅವಳು ಎಲ್ಲಿಂದಾದ್ರೂ ಒಂದು ಮಾತು ಬೈತಾಳೆ ಅಂತ." ಅವನು ಹಕ್ಕಿಯನ್ನು ಜೋಪಾನವಾಗಿ ಕೆಳಗಿಟ್ಟ. "ಬೈಯಲಿಲ್ಲ. ಬೇಡ ಅನ್ನೋಳು ಇಲ್ದೆ ಇದು ಬರೀ ಏರು, ದೋನ್ ಎವಾರಿಸ್ತೊ. ಬರೀ ಏರು."

ಎವಾರಿಸ್ತೊನಿಗೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ಅವನು ಕಪಾಟಿನಿಂದ ಗಿಣ್ಣು ತೆಗೆದು ಒಂದು ತುಂಡು ಕೊಯ್ದು ಅತಿಥಿಯ ಮುಂದಿಟ್ಟ. ಚೂರಿ ಒರೆಸುತ್ತ ಕೇಳಿದ: "ಆ ಗೂಡಿನ ಮುಂದೆ ಅತ್ರಲ್ಲ?"

"ಎತೆಲ್ವಿನಾ ನೆನಪಾದ್ಲು. ಅವಳಿಗೆ ಆ ಸೂಜಿ ಕತೆಯೂ ಹೇಳಿಬಿಟ್ಟಿದ್ದೆ, ಮೂರ್ಖ ನಾನು."

"ಯಾವ ಸೂಜಿ ಕತೆ?"

"ಕಸಿಲ್ದೀತಾ ಒಂದು ಭಾನುವಾರ ನನ್ನನ್ನ ಅಲ್ಲಿಗೆ ಕರ್ಕೊಂಡು ಹೋದ್ಲು. ನನಗೋ ಎದೆ ಢವಢವ. ಅವಳು ಕೈಚೀಲ ನನ್ನ ಕೈಗೆ ಕೊಟ್ಟು, 'ಇದನ್ನ ಹಿಡ್ಕೋ,' ಅಂತ ಹೇಳಿ ಸೂಜಿ ಹಾಕಿದ್ಲು. ಯಾರಿಗೆ ಅಂತ ಕೇಳಿದೆ. 'ಕುಸುರಿ ಅಂಗಡೀಲಿ ಒಬ್ಬ ಇದಾನೆ, ಸುತ್ತಿಗೆಯಿಂದ ತಲೆ ಎತ್ತೋದೇ ಇಲ್ಲ, ದಿನಾ ಮುಂದಿನಿಂದ ಹೋಗಿ ಹೋಗಿ ನನ್ನ ಚಪ್ಪಲಿ ಸವೀತು,' ಅಂದ್ಲು. ನಾನು ಆ ಚೀಲ ಹಿಡ್ಕೊಂಡೇ ಮನೇವರೆಗೆ ಬಂದೆ."

ಎವಾರಿಸ್ತೊ ಎದ್ದುನಿಂತ. ಮತ್ತೆ ಕುಳಿತ. ಮತ್ತೆ ಎದ್ದು, ಆರಡಿಯ ಆ ಮನುಷ್ಯನ ಎರಡು ಕೆನ್ನೆಗಳಿಗೂ ಮುತ್ತಿಟ್ಟು, "ನಾಳೆ ಬೆಳಿಗ್ಗೆ ಎಂಟರ ಬಸ್ಸು. ಕಸಿಲ್ದಾ ಪೂಜೆಗೆ ಹೋಗಿರ್ತಾಳೆ. ಪೆಟ್ಟಿಗೆ ನಾನು ಹೊರ್ತೀನಿ," ಎಂದ.

ಅವರು ಜಾಣತನದಿಂದಲೇ ಹೊರಟರು. ಹಿಂದಿನ ಓಣಿಗಳನ್ನು ಹಿಡಿದರು. ಆದರೆ ಸಿನ್ಫೊರೋಸಾ ಅಂದು ಅಂಗಡಿಯ ಬಾಗಿಲನ್ನು ಐದು ನಿಮಿಷ ಮುಂಚೆ ಎತ್ತಿದಳು. ಎವಾರಿಸ್ತೊನ ಕೈಯಲ್ಲಿ ಅತಿಥಿಯ ಪೆಟ್ಟಿಗೆ! ಅವರು ಬಸ್ ನಿಲ್ದಾಣ ಮುಟ್ಟುವ ಹೊತ್ತಿಗೆ ಹಿಂದಿನಿಂದ ಕೂಗು ಕೇಳಿಸಿತು.

"ಹಿಡೀರಿ! ಮತ್ತೆ ಓಡಿಸ್ತಿದಾನೆ!"

ಮೇಷ್ಟ್ರು ಕೋಲನ್ನು ಬಸ್ಸಿನ ಬಾಗಿಲಿಗೆ ಅಡ್ಡ ಹಿಡಿದರು. ಹೋಟೆಲಿನವನು ಪೆಟ್ಟಿಗೆಯ ಒಂದು ಕಡೆ ಹಿಡಿದು ಎಳೆದ. ಚಾಲಕನು ಗಡಿಯಾರ ನೋಡಿಕೊಂಡ. ಪೊಲೀಸಿನವನು ಬಂದ. ಪೂಜೆ ಬಿಟ್ಟುಬಂದ ಕಸಿಲ್ದಾ, ತಲೆಯ ಮೇಲಿನ ಕಪ್ಪು ಜಾಲರಿ ಇನ್ನೂ ತೆಗೆದಿರಲಿಲ್ಲ, ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದು ನಿಂತಳು. ಅವಳ ಹಿಂದೆ ದೋನ್ ಉರ್ಬಾನೊ, ಉಟ್ಟ ಪೂಜೆಯ ಉಡುಪಿನಲ್ಲಿಯೇ.

"ಎವಾರಿಸ್ತೊ," ಎಂದಳು ಕಸಿಲ್ದಾ. ದನಿ ಮೆತ್ತಗಿತ್ತು. "ನಮ್ಮನೆಗೆ ಬಂದವರನ್ನ ಎರಡು ಸಲ ಹೊರಗೆ ಹಾಕಿದೆ. ಎಲ್ಲರ ಮುಂದೆ ಕೇಳ್ತಿದೀನಿ. ಯಾಕೆ?"

"ನಾನೇ ಹೋಗ್ತೀನಿ ಅಂದೆ," ಎಂದು ಗೌದೆನ್ಸಿಯೊ ಆರಂಭಿಸಿದ. ಮೇಷ್ಟ್ರು, "ನೀವು ಸುಮ್ಮನಿರಿ, ನಿಮಗೆ ಊರು ಇನ್ನೂ ಗೊತ್ತಾಗಿಲ್ಲ," ಎಂದು ಅವನ ಬಾಯಿ ಮುಚ್ಚಿಸಿದರು.

ಎವಾರಿಸ್ತೊ ಸುತ್ತ ನೋಡಿದ. ಬೇರೆ ಸುಳ್ಳು ಯಾವುದೂ ಉಳಿದಿರಲಿಲ್ಲ. ಮೊಣಕಾಲು ಮುಗಿದಿತ್ತು, ತಿಗಣೆ ಮುಗಿದಿತ್ತು. ಟೋಪಿ ತೆಗೆದ, ಬೋಳುತಲೆ ಬೆಳಗಿನ ಬಿಸಿಲಿಗೆ ಹೊಳೆಯಿತು.

"ಹೊಟ್ಟೆ ಉರೀತು ಕಣ್ರಯ್ಯಾ!" ಎಂದು ಕೂಗಿದ. "ನನ್ನ ಹೆಂಡತಿ ಇವರ ಕಾಗದ ಓದಿ ನಕ್ಕಳು. ಕೂದಲು ಸರಿಮಾಡ್ಕೊಂಡ್ಲು. ಮೆಣಸಿನಕಾಯಿ ಸೀದೋಯ್ತು. ಇವರು ಈ ಊರಲ್ಲಿ ಒಂದು ಗಂಟೆ ಇರೋದೂ ನನಗೆ ಬೇಕಿರಲಿಲ್ಲ, ಅದಕ್ಕೇ ಅರ್ಧ ದಿನ ಅಂತ ಬರೆದೆ. ಊರಿನ ತಪ್ಪಿಲ್ಲ. ದೇವಾಲಯಗಳ ತಪ್ಪಿಲ್ಲ. ತಿಗಣೆ ಇಲ್ಲ. ಇದ್ದದ್ದು ನನ್ನ ಹೊಟ್ಟೆಕಿಚ್ಚು!"

ಚಾಲಕನು ಯಂತ್ರ ಆರಿಸಿದ. ಮೊದಲು ಮಾತನಾಡಿದವರು ಮೇಷ್ಟ್ರು. ಕೋಲನ್ನು ಬಾಗಿಲಿನಿಂದ ತೆಗೆದರು.

"ಇದನ್ನ ಮೊದಲೇ ಹೇಳೋಕೇನಾಗಿತ್ತೋ ನಿನಗೆ? ಅದು ಬೇರೆ ವಿಷಯ. ಹೆಂಡತಿ ವಿಷಯದಲ್ಲಿ ಅರ್ಧ ದಿನ ಅನ್ನೋದು ಬಹಳ ಧಾರಾಳ ಆಯ್ತು. ನಾನಾಗಿದ್ರೆ ಬಸ್ಸಿಂದ ಇಳಿಯೋಕೂ ಬಿಡ್ತಿರಲಿಲ್ಲ."

"ಮೂವತ್ತಾರು ವರ್ಷ ಆದ್ಮೇಲೆ!" ಎಂದು ಸಿನ್ಫೊರೋಸಾ ಮೂಗು ಒರೆಸಿಕೊಂಡಳು. "ನಮ್ಮನೆಯವರು ನಾನು ಅಂಗಡೀಲಿ ಯಾರ ಜೊತೆ ನಕ್ಕರೂ ಒಂದು ದಿನ ಹುಬ್ಬು ಗಂಟಿಕ್ಕಿದೋರಲ್ಲ." ಪೊಲೀಸಿನವನು ಎವಾರಿಸ್ತೊನಿಗೆ ಸಲಾಮು ಹೊಡೆದ. ಪೆಟ್ಟಿಗೆಯನ್ನು ಹೋಟೆಲಿನವನೇ ಬಸ್ಸಿಗೆ ಏರಿಸಿದ. ಗೌದೆನ್ಸಿಯೊನನ್ನು ನಾಲ್ಕು ಜನ ಎತ್ತಿದಂತೆ ಮೆಟ್ಟಿಲು ಹತ್ತಿಸಿದರು. ಅವನನ್ನು ಇನ್ನು ಒಂದು ಕ್ಷಣ ಇರಿಸಿಕೊಳ್ಳುವುದು ಅಸಭ್ಯವೆಂದು ಎಲ್ಲರಿಗೂ ಒಮ್ಮೆಲೇ ಹೊಳೆದಿತ್ತು.

ಬಸ್ಸು ಹೊರಡುವಾಗ ಅವನು ಕಿಟಕಿಯಿಂದ ಬಗ್ಗಿ ಎವಾರಿಸ್ತೊನ ಕೈ ಹಿಡಿದ. "ಊರಿಗೆ ಹೋದವನೇ ಸಮಾಧಿ ಹತ್ರ ಹೋಗಿ ಹೇಳ್ತೀನಿ, ತೊಲೆದೊಗೆ ಹೋಗಿದ್ದೆ ಅಂತ. ಅಲ್ಲಾದ್ರೂ ಬೈದಾಳು." ದೋನ್ ಉರ್ಬಾನೊ ಬಸ್ಸಿನ ಕಡೆಗೆ ಶಿಲುಬೆಯ ಗುರುತು ಮಾಡಿ, ಬಹಳ ಹೊತ್ತು ಹಾಗೆಯೇ ನಿಂತಿದ್ದರು.

ಗಂಡ ಹೆಂಡತಿ ಏರು ಹತ್ತಿ ಮನೆಗೆ ಹೊರಟರು. ಕಸಿಲ್ದಾ ಕಿವಿಯವರೆಗೆ ಕೆಂಪಾಗಿದ್ದಳು. ಮೊದಲ ತಿರುವಿನಲ್ಲಿ ಅವಳು ಅವನ ತೋಳು ಹಿಡಿದುಕೊಂಡಳು. ಈಚೆಗೆ ಕೆಲವು ವರ್ಷಗಳಿಂದ ಅವಳು ಏರು ಹತ್ತುವಾಗ ಗೋಡೆ ಹಿಡಿಯುತ್ತಿದ್ದಳು.

"ಅಷ್ಟೊಂದು ಉರೀತಾ?" ಎಂದಳು.

"ಹ್ಞೂಂ."

"ರಾತ್ರಿ ನಿದ್ದೆಯೂ ಬರಲಿಲ್ವಾ?"

"ಒಂದು ದಿನವೂ ಇಲ್ಲ."

ಅವಳು ನಡಿಗೆಯನ್ನು ಸ್ವಲ್ಪ ನಿಧಾನ ಮಾಡಿದಳು. ಮುಖದ ಮೇಲೆ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಬಂದು ಹೋದಳು. "ಈಗ?" ಎಂದಳು.

"ಈಗೇನಿಲ್ಲ," ಎಂದ ಎವಾರಿಸ್ತೊ, ಹಗುರಾಗಿ. "ಅವರು ಎಲ್ಲಾ ಹೇಳಿದ್ರು. ಕೈಚೀಲದ ಕತೆ, ಸವೆದ ಚಪ್ಪಲಿ ಕತೆ, ಎಲ್ಲಾ. ನನ್ನ ಮನಸ್ಸು ತಣ್ಣಗಾಯ್ತು. ಇನ್ಮೇಲೆ ಯಾರ ವಿಷಯದಲ್ಲೂ ನನಗೆ ಒಂದು ಚೂರೂ ಹೊಟ್ಟೆಕಿಚ್ಚಿಲ್ಲ."

ಕಸಿಲ್ದಾಳ ಮುಖ ಸ್ವಲ್ಪ ಇಳಿಯಿತು. ಮೇಲೆ ಚಪ್ಪರ ಕಟ್ಟುವವರು ಬಟ್ಟೆ ಎಳೆಯುತ್ತ ಕೂಗಾಡುತ್ತಿದ್ದರು. ಬೀದಿಯ ಅರ್ಧಕ್ಕೆ ನೆರಳು ಬಿದ್ದಿತ್ತು. ನೆರಳಿಗೆ ಬಂದೊಡನೆ ಅವಳು ತಲೆಯ ಜಾಲರಿ ತೆಗೆದು, ಕಿವಿಯ ಮೇಲಿನ ಕೂದಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

"ಅಂದ ಹಾಗೆ ತಾಲವೆರಾದಲ್ಲಿ ಒಬ್ಬ ಇದ್ದ," ಎಂದಳು. "ಪಿಂಗಾಣಿ ಮಾಡ್ತಿದ್ದ."

ಎವಾರಿಸ್ತೊ ನಿಂತುಬಿಟ್ಟ. "ಯಾರು?"

"ಇದ್ದ ಒಬ್ಬ. ಹಬ್ಬಕ್ಕೆ ಬರ್ತಾನೋ ಏನೋ."

"ಎಷ್ಟು ದಿನಕ್ಕೆ?"

"ನೋಡೋಣ," ಎಂದಳು ಕಸಿಲ್ದಾ, ಅವನ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದು ಏರು ಹತ್ತುತ್ತ. "ಅದು ನೀನು ಹೇಗಿರ್ತೀಯ ಅನ್ನೋದರ ಮೇಲಿದೆ."